ಭ್ರಷ್ಟ ಆಡಳಿತ ಒಂದು ಹಾಡಿಗೆ ಏಕೆ ಹೆದರುತ್ತದೆ?

ಪತ್ರಿಕೆಯನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು. ಜನರಿಗೆ ಬಾಯಿಪಾಠವಾದ ಹಾಡನ್ನು ಕಿತ್ತುಕೊಳ್ಳುವುದು ಹೇಗೆ? ನೈಜೀರಿಯಾದ ಗಾಯಕ ಫೇಲಾ ಕುಟಿಯವರನ್ನೇ ನೋಡಿ. ಓದು ಬಾರದವರಿಗೂ ಮುಟ್ಟುವಂತೆ ಬೀದಿಯ ಬೆರಕೆ ಮಾತಾದ ಪಿಜಿನ್ ಇಂಗ್ಲಿಷಿನಲ್ಲಿ ಹಾಡಿದರು. ಅಪ್ಪಣೆಯಾದರೆ ಮಾತ್ರ ನಡೆಯುವ, ನಿಲ್ಲುವ, ತಿರುಗುವ ಜೀವಂತ ಶವಗಳೆಂದು ಸೈನಿಕರನ್ನು ಅಣಕಿಸಿದರು.

1977ರ ಫೆಬ್ರವರಿಯಲ್ಲಿ ಸುಮಾರು ಸಾವಿರ ಸೈನಿಕರು ಲಾಗೋಸ್‌ನ ಅವರ ಮನೆಗೆ ನುಗ್ಗಿ, ಎಪ್ಪತ್ತು ದಾಟಿದ ತಾಯಿಯನ್ನು ಕಿಟಕಿಯಿಂದ ಎಸೆದರು. ಮನೆ ಸುಟ್ಟುಹೋಯಿತು. ಮರುವರ್ಷ ತಾಯಿ ತೀರಿಕೊಂಡರು. ತನಿಖೆ ತಪ್ಪು ಹೊರಿಸಿದ್ದು ‘ಗುರುತಿಲ್ಲದ ಸೈನಿಕ’ನ ಮೇಲೆ! ಫೇಲಾ ಸುಮ್ಮನಾಗಲಿಲ್ಲ. ಸೇನಾ ಆಡಳಿತದ ಬಾಗಿಲಿಗೇ ಶವಪೆಟ್ಟಿಗೆ ಒಯ್ದಿಟ್ಟರು, ಅದನ್ನೂ ಹಾಡಾಗಿಸಿದರು. 1980ರಲ್ಲಿ ಅಧಿಕಾರದ ದೊಡ್ಡ ಕುಳಗಳನ್ನು ಹೆಸರು ಹಿಡಿದೇ ಕಳ್ಳರೆಂದು ಕರೆದರು. ಆ ಶವಪೆಟ್ಟಿಗೆಯ ಹಾಡು ಕೇಳುವಾಗ ಇಂದಿಗೂ ನನ್ನ ಗಂಟಲು ಕಟ್ಟುತ್ತದೆ.