ಪಲ್ಲವಿ ಎಲ್ಲರಿಗೂ ಬರುತ್ತದೆ

ಕಳೆದ ಸಂಚಿಕೆಯಲ್ಲಿ ನಾನು ಕೊಟ್ಟಿದ್ದ ‘ನನ್ನ ಹತ್ತು ಹಾಡುಗಳು’ ಪಟ್ಟಿಗೆ ಬಂದ ಪತ್ರಗಳಲ್ಲಿ ತೀರ್ಥಹಳ್ಳಿಯ ನಿವೃತ್ತ ಮೇಷ್ಟರೊಬ್ಬರದು ಎಲ್ಲಕ್ಕಿಂತ ಉದ್ದ, ಎಲ್ಲಕ್ಕಿಂತ ಖಾರ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪತ್ರದ ಸಾರ ಇಷ್ಟು: ಪಿ.ಬಿ. ಶ್ರೀನಿವಾಸ್, ಘಂಟಸಾಲ, ಎಸ್. ಜಾನಕಿಯಂಥವರು ಹಾಡಿದ ನಾಡಿನಲ್ಲಿ ಗಾಯಕರೇ ಅಲ್ಲದ ಒಬ್ಬ ನಿರ್ದೇಶಕರ ಹಾಡನ್ನು ಒಂದನೆಯ ಸ್ಥಾನದಲ್ಲಿ ಕೂರಿಸಿದ್ದು ಅಪಚಾರ. ರಾಜ್‌ಕುಮಾರ್ ಅವರ ಸ್ವಂತ ಕಂಠಕ್ಕೆ ಸಿಕ್ಕಿದ್ದು ಒಂದೇ ಜಾಗ, ಅದೂ ಎಮ್ಮೆಯ ಹಾಡಿಗೆ. ‘ನಗುವ ನಯನ’ವನ್ನು ಒಂಬತ್ತಕ್ಕೆ ತಳ್ಳಿದ್ದು ಯಾವ ನ್ಯಾಯ? 1983ರ ನಂತರ ಕನ್ನಡದಲ್ಲಿ ಯಾರೂ ಬಾಯಿ ತೆರೆಯಲೇ ಇಲ್ಲವೇ? ಕೊನೆಯದಾಗಿ, ಹಾಡುಗಳಿಗೆ ಅಂಕ ಕೊಡಲು ನೀವು ಯಾರು?

ಮಾನ್ಯರೇ,

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಾನು ಯಾರೂ ಅಲ್ಲ. ರೇಡಿಯೊ ಸಿಲೋನಿನಲ್ಲಿ 1952ರಿಂದ ಅಮೀನ್ ಸಯಾನಿಯವರು ನಡೆಸಿಕೊಟ್ಟ, ಹಿಂದಿ ಚಿತ್ರಗೀತೆಗಳಿಗೆ ಸ್ಥಾನ ಕೊಡುತ್ತಿದ್ದ ಗೀತಮಾಲಾದ ಹಿಂದೆ ರೆಕಾರ್ಡುಗಳ ಮಾರಾಟದ ಲೆಕ್ಕವಿತ್ತು, ಕೇಳುಗರ ಸಂಘಗಳ ಮತಗಳಿದ್ದವು. ಇನ್ನೊಬ್ಬರು ಪ್ರಶ್ನಿಸಿದರೆ ತೋರಿಸಲು ಕಾಗದಪತ್ರವಿತ್ತು. ನನ್ನ ಪಟ್ಟಿಗೆ ಅಂಥ ಯಾವ ದಾಖಲೆಯೂ ಇಲ್ಲ. ಆದರೆ ಒಂದು ಅಳತೆಗೋಲು ಇತ್ತು. ಅದನ್ನು ಪಟ್ಟಿಯ ಜೊತೆಯಲ್ಲೇ ಬರೆದಿದ್ದರೆ ನಿಮ್ಮ ಕೋಪ ಅರ್ಧ ಇಳಿಯುತ್ತಿತ್ತೋ, ಇಮ್ಮಡಿಯಾಗುತ್ತಿತ್ತೋ ಹೇಳಲಾರೆ.

ಆ ಅಳತೆ ಚರಣದ್ದು, ಅಂದರೆ ಮತ್ತೆ ಮತ್ತೆ ಬರುವ ಪಲ್ಲವಿಯ ಆಚೆಗಿನ ಸಾಲುಗಳದ್ದು. ಪಲ್ಲವಿ ಎಲ್ಲರಿಗೂ ಬರುತ್ತದೆ. ಪ್ರವಾಸದ ಬಸ್ಸಿನಲ್ಲಿ ಅಂತ್ಯಾಕ್ಷರಿ ಆಡುವಾಗ ಗಮನಿಸಿ: ಹಿಂದಿನ ಸೀಟಿನಿಂದ ಒಬ್ಬರು ಎತ್ತಿಕೊಳ್ಳುತ್ತಾರೆ, ಇಡೀ ಬಸ್ಸು ದನಿಗೂಡಿಸುತ್ತದೆ. ಎರಡನೆಯ ಸಾಲಿನ ಹೊತ್ತಿಗೆ ಅರ್ಧ ಜನ ತುಟಿ ಮಾತ್ರ ಆಡಿಸುತ್ತಾರೆ, ಚರಣ ಬರುವಷ್ಟರಲ್ಲಿ ‘ಮುಂದಿನ ಅಕ್ಷರ, ಮುಂದಿನ ಅಕ್ಷರ’ ಎಂಬ ಗದ್ದಲ. ಈಗ ಮೊಬೈಲಿನಲ್ಲಿ ಅರ್ಧ ನಿಮಿಷದ ತುಣುಕು ಕೇಳುವವರಿಗೆ ಹಾಡಿಗೆ ಚರಣವೆಂಬುದೊಂದು ಇದೆ ಎಂಬುದೇ ಗೊತ್ತಾಗುವುದಿಲ್ಲ. ನನ್ನ ಮಟ್ಟಿಗೆ ಕವಿ ಸಂಭಾವನೆ ಸಂಪಾದಿಸುವುದು ಪಲ್ಲವಿಯಲ್ಲಿ, ಮರ್ಯಾದೆ ಸಂಪಾದಿಸುವುದು ಚರಣದಲ್ಲಿ. ಮೊದಲು ಸಿದ್ಧವಾದ ಟ್ಯೂನಿಗೆ ಮಾತು ಹೊಂದಿಸಬೇಕಾದ ಚಿತ್ರಗೀತೆಯ ಕೆಲಸದಲ್ಲಿ ಪಲ್ಲವಿಗೆ ಒಂದು ಒಳ್ಳೆಯ ಪ್ರಾಸ ಸಿಕ್ಕಿದರೆ ಸಾಕು, ಬಂಡಿ ಹೊರಡುತ್ತದೆ. ಹೇಳಲು ಏನಾದರೂ ಇದೆಯೇ ಎಂಬುದು ತಿಳಿಯುವುದು ಆಮೇಲೆ. ಆದ್ದರಿಂದ ಯಾವ ಹಾಡಿನ ಚರಣ ಪಲ್ಲವಿಯನ್ನು ಮೀರಿ ಮುಂದಕ್ಕೆ ಹೋಗುತ್ತದೋ ಆ ಹಾಡು ನನ್ನಲ್ಲಿ ಮೇಲಕ್ಕೆ ಬಂತು.

ಈಗ ನಿಮ್ಮ ಮುಖ್ಯ ದೂರು, ಒಂದನೆಯ ಸ್ಥಾನ. ‘ಶುಭಮಂಗಳ’ (1975) ಚಿತ್ರದ ‘ಸೂರ್ಯಂಗೂ ಚಂದ್ರಂಗೂ’. ಬರೆದವರು ಎಂ.ಎನ್. ವ್ಯಾಸರಾವ್, ಸಂಗೀತ ವಿಜಯಭಾಸ್ಕರ್, ನಿರ್ದೇಶನ ಪುಟ್ಟಣ್ಣ ಕಣಗಾಲ್. ಹಾಡಿದವರು ನೀವು ಹೇಳಿದ ಹಾಗೆ ಒಬ್ಬ ನಿರ್ದೇಶಕರು: ‘ಗಾಂಧಿನಗರ’ದಂಥ ಚಿತ್ರಗಳನ್ನು ಮಾಡಿದ್ದ, ಮುಂದೆ ‘ಮಲಯ ಮಾರುತ’ ಮಾಡಿದ ಕೆ.ಎಸ್.ಎಲ್. ಸ್ವಾಮಿ, ಚಿತ್ರರಂಗದ ‘ರವಿ’.

ಇದೇ ಚಿತ್ರಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ‘ಸ್ನೇಹದ ಕಡಲಲ್ಲಿ’ ಹಾಡಿದ್ದಾರೆ, ವಾಣಿ ಜಯರಾಂ ‘ಈ ಶತಮಾನದ ಮಾದರಿ ಹೆಣ್ಣು’ ಹಾಡಿದ್ದಾರೆ. ಅಂದರೆ ನುರಿತ ಕಂಠಗಳಿಗೆ ವಿಜಯಭಾಸ್ಕರ್ ಅವರಿಗೆ ಬರವಿರಲಿಲ್ಲ. ಎಸ್‌ಪಿಬಿ ಕೈಯಳತೆಯಲ್ಲಿದ್ದರೂ ಈ ಹಾಡಿಗೆ ಅವರು ರವಿಯವರನ್ನು ಕರೆದರು. ‘ಹೂವೊಂದು ಬಳಿ ಬಂದು’ ಹಾಡಿಗೆ ನಟ ಆರ್.ಎನ್. ಸುದರ್ಶನ್ ಅವರನ್ನು ಕರೆದರು. ಒಂದೇ ಚಿತ್ರದಲ್ಲಿ ಎರಡು ಸಲ ಹೀಗಾದರೆ ಅದು ಆಕಸ್ಮಿಕವಲ್ಲ, ಸಂಗೀತ ನಿರ್ದೇಶಕರ ಆಯ್ಕೆ. ಅವರ ಕಿವಿಯನ್ನು ನಾನು ನಂಬುತ್ತೇನೆ. ಇನ್ನೊಮ್ಮೆ ಕೇಳಿ ನೋಡಿ. ದನಿಯಲ್ಲಿ ಕುಸುರಿ ಇಲ್ಲ, ಸಾಲಿನ ಕೊನೆಯನ್ನು ಎಳೆದು ಮಿಂಚಿಸುವ ಆಸೆಯಿಲ್ಲ. ಜಗಲಿಯ ಮೇಲೆ ಕುಳಿತ ಹಿರಿಯನೊಬ್ಬ ಒಳಗಿನ ಜಗಳ ಕೇಳಿಸಿಕೊಂಡು, ಯಾರಿಗೂ ನೇರವಾಗಿ ಹೇಳದೆ ಎಲ್ಲರಿಗೂ ಕೇಳುವಂತೆ ಹೇಳುವ ಧಾಟಿ ಅದು. ಗಮಕ ಬಲ್ಲ ಗಾಯಕರು ಇದನ್ನು ಹಾಡಿದ್ದರೆ ಹಾಡು ಚೆಂದವಾಗುತ್ತಿತ್ತು, ಹಿರಿಯ ಎದ್ದು ಹೋಗುತ್ತಿದ್ದ.

ಇನ್ನು ಚರಣ. ಪಲ್ಲವಿಯಲ್ಲಿ ಸೂರ್ಯ ಚಂದ್ರರ ಮುನಿಸು, ರಾಜ ರಾಣಿಯರ ಮುನಿಸು, ಸೊಗಸು ಕಳೆದುಕೊಂಡ ಅರಮನೆ. ಇಲ್ಲಿಗೇ ನಿಲ್ಲಿಸಿದ್ದರೆ ಇದೊಂದು ಒಳ್ಳೆಯ ಗಾದೆ. ವ್ಯಾಸರಾವ್ ಚರಣದಲ್ಲಿ ಆಕಾಶವನ್ನೂ ಅರಮನೆಯನ್ನೂ ಬಿಟ್ಟು ನೇರ ಅಡುಗೆಮನೆಗೆ ಇಳಿಯುತ್ತಾರೆ. ಮನೆತುಂಬ ಕೆನೆಹಾಲು, ಮೊಸರು. ಮನೆಯವರ ಎದೆಯಲ್ಲಿ ಮಾತ್ರ ಬೇಸರದ ಉಸಿರು. ಗುಡಿಯಲ್ಲಿ ತುಪ್ಪದ ದೀಪ ಉರಿಯುತ್ತಿದೆ, ಮಾತಿನಲ್ಲಿ ನಡತೆಯಲ್ಲಿ ಕೋಪ ಸಿಡಿಯುತ್ತಿದೆ. ಯಾವ ಕೊರತೆಯೂ ಇಲ್ಲದ ಮನೆಯಲ್ಲಿ ಗಂಡ ಹೆಂಡಿರು ಮಾತು ಬಿಟ್ಟು ಕುಳಿತ ಹೊತ್ತನ್ನು ಇದಕ್ಕಿಂತ ಕಡಿಮೆ ಮಾತಿನಲ್ಲಿ ಯಾರಾದರೂ ಹೇಳಿದ್ದರೆ ತಿಳಿಸಿ, ಸ್ಥಾನ ಬದಲಿಸೋಣ. ವ್ಯಾಸರಾವ್ ಬ್ಯಾಂಕಿನಲ್ಲಿ ಕೆಲಸ ಮಾಡುತ್ತ ಕವಿತೆ ಬರೆದವರು. 2018ರಲ್ಲಿ ತೀರಿಕೊಂಡಾಗ ಸಾಕಷ್ಟು ಜನಕ್ಕೆ ಹಾಡು ಗೊತ್ತಿತ್ತು, ಬರೆದವರು ಇವರೆಂದು ಗೊತ್ತಿರಲಿಲ್ಲ. ಈ ಹಾಡನ್ನು ಮೇಲಕ್ಕೆತ್ತುವಾಗ ಅದೂ ನನ್ನ ಮನಸ್ಸಿನಲ್ಲಿತ್ತು.

ಎರಡನೆಯ ಸ್ಥಾನದ ಬಗ್ಗೆ ನೀವು ತಕರಾರು ಎತ್ತಿಲ್ಲ, ಆದರೂ ಹೇಳುತ್ತೇನೆ. ನನಗೆ ಹೇಳುವ ಆಸೆ. ‘ಎರಡು ಕನಸು’ (1974) ಚಿತ್ರದ ‘ಪೂಜಿಸಲೆಂದೇ ಹೂಗಳ ತಂದೆ’. ರಾಜನ್–ನಾಗೇಂದ್ರ ಸಂಗೀತ, ಚಿ. ಉದಯಶಂಕರ್ ಸಾಹಿತ್ಯ, ಎಸ್. ಜಾನಕಿ ಗಾಯನ. ಎಷ್ಟೋ ಮನೆಗಳಲ್ಲಿ ಇದನ್ನು ದೇವರ ಹಾಡೆಂದೇ ಹಾಡುತ್ತಾರೆ. ನಮ್ಮ ಚಿಕ್ಕಮ್ಮ ಬೆಳಿಗ್ಗೆ ಹೊಸಿಲಿಗೆ ರಂಗೋಲಿ ಎಳೆಯುವಾಗ ಹಾಡುತ್ತಿದ್ದುದೂ ಇದನ್ನೇ. ಮೋಡದ ಮೇಲೆ ಚಿನ್ನದ ನೀರು ಚೆಲ್ಲಿಕೊಂಡು ಹೊರಟ ತೇರು, ಮಾಣಿಕ್ಯದ ಆರತಿ ಹಿಡಿದು ಬಂದ ಉಷೆ, ಇವೆಲ್ಲ ಚರಣದ ಸಾಲುಗಳು. ಅವರಿಗೆ ಒಂದಕ್ಷರ ತಪ್ಪದೆ ಬರುತ್ತಿದ್ದವು. ಚಿತ್ರ ನೋಡಿದವರಿಗೆ ಮಾತ್ರ ಇದರ ಇನ್ನೊಂದು ಮುಖ ಗೊತ್ತು. ಹಾಡುವವಳು ಕಲ್ಪನಾ ಅಭಿನಯಿಸಿದ ಹೆಂಡತಿ. ಗಂಡನ ಮನಸ್ಸು ಹಳೆಯ ಪ್ರೀತಿಯಲ್ಲಿ ಸಿಕ್ಕಿಕೊಂಡಿದೆ, ಕೈಹಿಡಿದವಳ ಕಡೆಗೆ ಅದು ತಿರುಗುತ್ತಿಲ್ಲ. ಬಾಗಿಲು ತೆರೆಯೆಂದು ಅವಳು ಬೇಡುವುದು ಗರ್ಭಗುಡಿಯದ್ದು ಮಾತ್ರವಲ್ಲ. ಉದಯಶಂಕರ್ ಇದನ್ನು ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಒಲಿದರೂ ಸರಿ ಮುನಿದರೂ ಸರಿ ಎಂಬಲ್ಲಿಗೆ ಬಂದಾಗ ಕೇಳುವವನಿಗೇ ಹೊಳೆಯುತ್ತದೆ. ಅದೇ ಚಿತ್ರದ ‘ಎಂದೆಂದೂ ನಿನ್ನನು ಮರೆತು’ ಹತ್ತನೆಯದಾಗಿ ಬಂದಿದೆ. ಒಂದೇ ಚಿತ್ರಕ್ಕೆ ಎರಡು ಜಾಗವೇ ಎಂದು ಬೇರೆಯವರು ಕೇಳಿದ್ದಾರೆ. ಹೌದು, ಎರಡು.

ಮೂರನೆಯದು ‘ನಾಗರಹಾವು’ (1972) ಚಿತ್ರದ ‘ಬಾರೆ ಬಾರೆ’. ಚಿತ್ರದುರ್ಗದ ಕೋಟೆಯಲ್ಲಿ ನಿಧಾನಗತಿಯಲ್ಲಿ ಚಿತ್ರಿಸಿದ್ದರ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ವಿಜಯನಾರಸಿಂಹ ಅವರ ಕಸುಬಿನ ಬಗ್ಗೆ ಮಾತನಾಡುವವರು ಕಡಿಮೆ. ಪಲ್ಲವಿ ‘ಬಾರೆ’, ‘ತಾರೆ’ ಎಂದು ಕರೆಯುತ್ತದೆ. ಚರಣದಲ್ಲಿ ಅದೇ ಪ್ರಾಸ ‘ಮರೆಯಲಾರೆ’, ‘ಅಳಿಸಲಾರೆ’, ‘ತೊರೆಯಲಾರೆ’ ಎಂದು ಅಸಹಾಯಕತೆಗೆ ತಿರುಗುತ್ತದೆ. ಕರೆದವನೇ ಸಿಕ್ಕಿಬಿದ್ದ. ಪಿ.ಬಿ. ಶ್ರೀನಿವಾಸ್ ಆ ‘ಲಾರೆ’ಗಳನ್ನು ಹೇಗೆ ಹಗುರವಾಗಿ ಕೆಳಗಿಡುತ್ತಾರೆ ಎಂಬುದನ್ನು ನಿಮ್ಮಂಥ ಅವರ ಅಭಿಮಾನಿಗೆ ನಾನು ಹೇಳಬೇಕಿಲ್ಲ.

ರಾಜ್‌ಕುಮಾರ್ ವಿಷಯಕ್ಕೆ ಬರೋಣ. ‘ಜೀವನ ಚೈತ್ರ’ದ ‘ನಾದಮಯ’ಕ್ಕೆ ರಾಷ್ಟ್ರಪ್ರಶಸ್ತಿ ಬಂದಿದೆ, ಅದನ್ನು ಕೈಬಿಟ್ಟಿರಿ ಎಂದು ಬರೆದಿದ್ದೀರಿ. ಆ ಹಾಡಿನ ಮುಂದೆ ನಾನು ಕೈಮುಗಿದು ನಿಲ್ಲುತ್ತೇನೆ, ಆದರೆ ಅದನ್ನು ಹಾಡಿಕೊಳ್ಳಲಾರೆ. ಸ್ನಾನದ ಮನೆಯಲ್ಲಿ ನನ್ನ ಗಂಟಲಿಗೆ ಎಟುಕದ ಹಾಡು ಈ ಪಟ್ಟಿಗೆ ಬರುವಂತಿಲ್ಲ. ಇದು ವೈಯಕ್ತಿಕ ಪಟ್ಟಿ ಎಂದು ಮೊದಲೇ ಹೇಳಿದ್ದೆ. ಎಮ್ಮೆಯ ಹಾಡು ಎಂದು ನೀವು ಮೂಗು ಮುರಿದ ‘ಯಾರೇ ಕೂಗಾಡಲಿ’ಗೆ ಐದನೆಯ ಸ್ಥಾನ ಕೊಟ್ಟದ್ದು ನನಗೆ ಕಡಿಮೆಯೆಂದೇ ಅನಿಸುತ್ತಿದೆ. ಅದಕ್ಕೂ ಮೊದಲು ಅವರು ಅಲ್ಲೊಂದು ಇಲ್ಲೊಂದು ಹಾಡಿದ್ದರು, ನಿಜ. ಅವರ ಪಾತ್ರಗಳಿಗೆ ಅವರೇ ಹಾಡುವ ಪರಿಪಾಠ ಶುರುವಾದದ್ದು 1974ರ ‘ಸಂಪತ್ತಿಗೆ ಸವಾಲ್’ನಿಂದ, ಜಿ.ಕೆ. ವೆಂಕಟೇಶ್ ಅವರ ಸಂಗೀತದಲ್ಲಿ. ಪಿ.ಬಿ. ಶ್ರೀನಿವಾಸ್ ಎಂಬ ಕಂಠ ವರ್ಷಗಟ್ಟಲೆ ಜನರ ಮನಸ್ಸಿನಲ್ಲಿ ರಾಜ್‌ಕುಮಾರ್ ಕಂಠವೇ ಆಗಿಹೋಗಿದ್ದ ಕಾಲ ಅದು. ಅಂಥ ಹೊತ್ತಿನಲ್ಲಿ ಸ್ವಂತ ದನಿ ತೆರೆಯುವ ನಟ ಪ್ರೇಮಗೀತೆಯನ್ನೋ ಭಕ್ತಿಗೀತೆಯನ್ನೋ ಆರಿಸಿಕೊಳ್ಳುತ್ತಾನೆ ಎಂದು ಯಾರಾದರೂ ಊಹಿಸುತ್ತಾರೆ. ಇವರು ಎಮ್ಮೆಯ ಬೆನ್ನೇರಿ, ಊರೇ ಕಾದಾಡಿದರೂ ನಿನ್ನ ನೆಮ್ಮದಿ ಕೆಡುವುದಿಲ್ಲವಲ್ಲ ಎಂದು ಅದನ್ನು ಹೊಗಳುತ್ತ ಬಂದರು.

ಇದರ ಹಿಂದೆ ರಂಗಭೂಮಿ ಇದೆ. ಕಥೆ ಪಿ.ಬಿ. ಧುತ್ತರಗಿ ಅವರ ನಾಟಕದಿಂದ ಬಂದದ್ದು. ರಾಜ್‌ಕುಮಾರ್ ಬೆಳೆದದ್ದು ಗುಬ್ಬಿ ವೀರಣ್ಣನವರ ಕಂಪನಿಯ ರಂಗದ ಮೇಲೆ. ಕಂಪನಿ ನಾಟಕದಲ್ಲಿ ಪಾತ್ರಧಾರಿಗೆ ಬೇರೆಯವರು ಹಾಡಿಕೊಡುವುದಿಲ್ಲ. ಹಾಡಲು ಬಾರದವನಿಗೆ ಪಾತ್ರವೇ ಸಿಗುವುದಿಲ್ಲ. ಕೊನೆಯ ಸಾಲಿನಲ್ಲಿ ಕುಳಿತವನಿಗೂ ಅಕ್ಷರ ಅಕ್ಷರ ಮುಟ್ಟಬೇಕು. ಆ ಸ್ಪಷ್ಟತೆ, ಆ ತುಂಟತನ ಎರಡೂ ಈ ಹಾಡಿನಲ್ಲಿವೆ. ‘ನಾದಮಯ’ದಲ್ಲಿ ಇರುವುದು ಸಾಧನೆ. ನನಗೆ ತುಂಟತನ ಹೆಚ್ಚು ಇಷ್ಟ.

‘ನಗುವ ನಯನ’ದ ಬಗ್ಗೆ ಹೆಚ್ಚು ಜಗಳವಿಲ್ಲ. ‘ಪಲ್ಲವಿ ಅನುಪಲ್ಲವಿ’ (1983) ಚಿತ್ರದ ಇಳಯರಾಜಾ ಸಂಗೀತಕ್ಕೆ ನಾನೂ ಸೋತವನೇ. ಆ ಚಿತ್ರದ ಸ್ವರವೊಂದು ಎಷ್ಟೋ ವರ್ಷದ ಮೇಲೆ ಐಡಿಯಾ ಮೊಬೈಲ್ ಜಾಹೀರಾತಿನಲ್ಲಿ ದೇಶದ ತುಂಬ ಮೊಳಗಿತು. ನನ್ನ ತಕರಾರು ಒಂದೇ. ಇಲ್ಲಿ ಪಲ್ಲವಿಗೂ ಚರಣಕ್ಕೂ ನಡುವೆ ಬರುವ ವಾದ್ಯಗಳೇ ಮಾತಿಗಿಂತ ಹೆಚ್ಚು ಹೇಳುತ್ತವೆ. ಮೌನ ಇರುವಾಗ ಮಾತೇಕೆ ಎಂದು ಕೇಳುವ ಹಾಡು ತನ್ನ ಮಾತನ್ನು ತಾನೇ ಪಾಲಿಸಿದ ಹಾಗಾಯಿತು, ಆರ್.ಎನ್. ಜಯಗೋಪಾಲ್ ಅವರಂಥ ಸಮರ್ಥರು ಬರೆದಿದ್ದರೂ. ಚರಣದ ಅಳತೆಗೋಲಿನಲ್ಲಿ ಅದಕ್ಕೆ ಒಂಬತ್ತೇ ಸಿಕ್ಕಿತು. ಅಳತೆಗೋಲು ಬದಲಿಸಿ, ಮೊದಲನೆಯದಾಗಬಹುದು.

ಹಾಗೆಯೇ ‘ಬೆಳ್ಳಿಮೋಡ’ದ (1967) ‘ಮೂಡಲ ಮನೆಯ’ ಏಳನೆಯದಾಗಲು ಬೇರೆ ಕಾರಣ. ಬೇಂದ್ರೆಯವರ ಆ ಕವಿತೆ 1932ರ ‘ಗರಿ’ಯಲ್ಲೇ ಬಂದದ್ದು, ಸಿನಿಮಾ ಇಲ್ಲದಿದ್ದರೂ ಬದುಕುತ್ತಿತ್ತು. ‘ಇದು ಬರಿ ಬೆಳಗಲ್ಲೋ ಅಣ್ಣಾ’ ಎಂದು ಜನ ಮಾತಿಗೆ ಮಾತಿಗೆ ಹೇಳುತ್ತಾರಲ್ಲ, ಅದು ಕವಿತೆಯ ಮೊದಲ ಸಾಲಲ್ಲ ಎಂಬುದನ್ನು ಮಾತ್ರ ನನ್ನ ವಾದದ ಪರವಾಗಿ ಗುರುತು ಹಾಕಿಕೊಳ್ಳುತ್ತೇನೆ. ಜಿ.ಎಸ್. ಶಿವರುದ್ರಪ್ಪನವರ ‘ಹಾಡು ಹಳೆಯದಾದರೇನು’ ಕೂಡ ಕವಿತೆಯೇ, ಆದರೆ ‘ಮಾನಸ ಸರೋವರ’ದಲ್ಲಿ (1982) ವಾಣಿ ಜಯರಾಂ ಹಾಡಿದ ಮೇಲೆ ಅದನ್ನು ಪುಸ್ತಕದಲ್ಲಿ ಓದುವಾಗಲೂ ಅವರ ದನಿಯೇ ಕೇಳುತ್ತದೆ. ಒಂದು ಸ್ಥಾನ ಮೇಲಿರುವುದು ಅದಕ್ಕೆ. ‘ಸತ್ಯ ಹರಿಶ್ಚಂದ್ರ’ದ ‘ಕುಲದಲ್ಲಿ ಕೀಳ್ಯಾವುದೋ’ ನಾಲ್ಕನೆಯದು, ‘ವೀರಕೇಸರಿ’ಯ ‘ಮೆಲ್ಲುಸಿರೇ ಸವಿಗಾನ’ ಎಂಟನೆಯದು. ಎರಡರಲ್ಲೂ ಘಂಟಸಾಲ ಇದ್ದಾರೆ, ಆದ್ದರಿಂದ ಅವರನ್ನು ಮರೆತಿರಿ ಎಂಬ ಆರೋಪ ನಿಲ್ಲುವುದಿಲ್ಲ. ‘ಪಂಚಮ ವೇದ’ ಇಲ್ಲ ಎಂದಿದ್ದೀರಿ. ಪಟ್ಟಿ ಹನ್ನೊಂದರದ್ದಾಗಿದ್ದರೆ ಇರುತ್ತಿತ್ತು.

1983ರ ನಂತರದ ಮೌನವನ್ನು ವಿವರಿಸುವುದು ಬಾಕಿ. 1987ರಲ್ಲಿ ‘ಪ್ರೇಮಲೋಕ’ ಬಂತು. ಹಂಸಲೇಖ ಅವರ ಹಾಡುಗಳಲ್ಲಿ ಕಾಲೇಜಿನ ಹುಡುಗ ಹುಡುಗಿಯರು ಸಂಭಾಷಣೆಯನ್ನೇ ಹಾಡತೊಡಗಿದರು, ಕ್ಯಾಸೆಟ್ಟು ಚಿತ್ರಕ್ಕಿಂತ ಮೊದಲೇ ಊರೂರು ತಿರುಗಿತು. ಅಲ್ಲಿ ಪಲ್ಲವಿ, ಚರಣ ಎಂಬ ಹಳೆಯ ಕಟ್ಟುಪಾಡೇ ಸಡಿಲವಾಯಿತು. ಅವನ್ನು ಚರಣದ ಕೋಲಿನಿಂದ ಅಳೆದರೆ ಅನ್ಯಾಯ. ಅವಕ್ಕೆ ಬೇರೆಯ ಪಟ್ಟಿಯೇ ಬೇಕು. ಅದನ್ನು ಮಾಡುವವರು ನನಗಿಂತ ಚಿಕ್ಕವರಾಗಿರಲಿ ಎಂದು ನಮ್ಮ ಉಪಸಂಪಾದಕಿಗೆ ಒಪ್ಪಿಸಿದ್ದೇನೆ. ಆಕೆ ಹಳೆಯ ಹಾಡು ಎಂದರೆ 1995 ಎನ್ನುತ್ತಾರೆ, ಸಹಿಸಿಕೊಳ್ಳಬೇಕು.

ಪತ್ರದ ಹಿಂಬದಿಯಲ್ಲಿ ನಿಮ್ಮದೇ ಹತ್ತು ಹಾಡುಗಳನ್ನು ಬರೆದು, ಧೈರ್ಯವಿದ್ದರೆ ಪ್ರಕಟಿಸಿ ಎಂದಿದ್ದೀರಿ. ಮುಂದಿನ ಸಂಚಿಕೆಯಲ್ಲಿ ನನ್ನ ಪಟ್ಟಿಯ ಪಕ್ಕದಲ್ಲೇ ಬರುತ್ತದೆ. ಒಂದು ತಿದ್ದುಪಡಿಗೆ ಒಪ್ಪಿಗೆ ಕೊಡಿ: ‘ಎಂದೆಂದೂ ನಿನ್ನನು ಮರೆತು’ ಹಾಡಿನಲ್ಲಿ ಪಿ.ಬಿ. ಶ್ರೀನಿವಾಸ್ ಜೊತೆಗಿರುವುದು ನೀವು ಬರೆದಂತೆ ಜಾನಕಿಯವರಲ್ಲ, ವಾಣಿ ಜಯರಾಂ. ಉಳಿದದ್ದು ಹಾಗೆಯೇ ಇರುತ್ತದೆ, ನಿಮ್ಮ ಪಟ್ಟಿಯಲ್ಲೂ ಎಂಟನೆಯದಾಗಿ ಕುಳಿತಿರುವ ಎಮ್ಮೆಯ ಹಾಡನ್ನೂ ಸೇರಿಸಿ.

— ಸಂಪಾದಕ