ಗಂಡು ಮೊಲಗಳ ಜಗಳದಲ್ಲಿ ಪುಟ್ಟ ಹೋದದ್ದು, ಈಗ ಗುಂಡನನ್ನು ನೋಡಿಕೊಳ್ಳುವುದು

ಅಕ್ಕ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಪುಟ್ಟ, ಗುಂಡ ಅಂತ ಒಂದೇ ಸೂಲಿನ ಎರಡು ಗಂಡು ಮೊಲ, ಏಳು ತಿಂಗಳು. ಮರಿಯಾಗಿದ್ದಾಗಿನಿಂದ ಒಂದೇ ಗೂಡು, ಒಂದರ ಬೆನ್ನ ಮೇಲೆ ಒಂದು ತಲೆಯಿಟ್ಟು ಮಲಗುತ್ತಿದ್ದವು. ಭಾನುವಾರ ಬೆಳಗ್ಗೆ ನೋಡಿದರೆ ಗೂಡಿನ ತುಂಬ ತುಪ್ಪಳ. ಪುಟ್ಟನ ತೊಡೆಸಂದಿಯಲ್ಲಿ ಸಣ್ಣ ಗಾಯ, ರಕ್ತ ಜಾಸ್ತಿ ಇರಲಿಲ್ಲ. ಮನೆಯಲ್ಲಿದ್ದ ಮುಲಾಮು ಹಚ್ಚಿದಿರಿ. ಮಂಗಳವಾರ ತಿನ್ನುವುದು ಬಿಟ್ಟ, ಬುಧವಾರ ಬೆಳಗ್ಗೆ ಹೋಗಿಬಿಟ್ಟಿದ್ದ. ಅಷ್ಟು ಸಣ್ಣ ಗಾಯಕ್ಕೆ ಸಾಯುತ್ತಾ, ಇದು ನನ್ನ ತಪ್ಪಾ, ಗುಂಡನನ್ನು ಇಟ್ಟುಕೊಳ್ಳಬಹುದಾ, ಅವನಿಗೆ ಜೊತೆ ತರಬಹುದಾ ಅಂತ ಕೇಳಿದ್ದೀರಿ. ಎಲ್ಲದಕ್ಕೂ ಬರೆಯುತ್ತೇನೆ. ಆದರೆ ಇದನ್ನು ಪೂರ್ತಿ ಓದುವ ಮೊದಲು ಎದ್ದು ಹೋಗಿ ಗುಂಡನ ಮೈ ನೋಡಿ.

ನೀವು ಅವನ ಗಾಯದ ಬಗ್ಗೆ ಒಂದು ಮಾತೂ ಬರೆದಿಲ್ಲ. ಗೆದ್ದ ಮೊಲಕ್ಕೆ ಏನೂ ಆಗಿರಲ್ಲ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಜಗಳದಲ್ಲಿ ಎರಡೂ ಕಚ್ಚಿರುತ್ತವೆ. ನೆಲದ ಮೇಲೆ ಕೂತು, ತೊಡೆ ಮೇಲೆ ಟವೆಲ್ ಹಾಸಿ ಅವನನ್ನು ಕೂರಿಸಿಕೊಳ್ಳಿ. ಹಿಂಗಾಲಿನ ಕೆಳಗೆ ಕೈ ಇರಲಿ. ಮೊಲ ಗಾಬರಿಯಾಗಿ ಹಿಂಗಾಲು ಝಾಡಿಸಿದರೆ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳಬಹುದು, ಅದಕ್ಕೇ ಎತ್ತರದ ಮೇಜಿನ ಮೇಲೆ ಬೇಡ. ಕಣ್ಣಿಗಿಂತ ಬೆರಳನ್ನು ನಂಬಿ. ತುಪ್ಪಳದ ಒಳಗೆ ಬೆರಳ ತುದಿ ಹಾಕಿ ನಿಧಾನವಾಗಿ ಸವರುತ್ತ ಬನ್ನಿ: ಕಿವಿಯ ಬುಡ, ರೆಪ್ಪೆ, ಮೂಗು, ಕತ್ತಿನ ಹಿಂಭಾಗ, ಬೆನ್ನು, ಪಕ್ಕೆ, ಹೊಟ್ಟೆ, ತೊಡೆಯ ಒಳಭಾಗ, ಬೀಜದ ಚೀಲ, ಬಾಲದ ಅಡಿ. ಎಲ್ಲಾದರೂ ತುಪ್ಪಳ ಅಂಟಿಕೊಂಡು ಗಟ್ಟಿಯಾಗಿದ್ದರೆ ಅಲ್ಲಿ ನಿಲ್ಲಿಸಿ. ಅದರ ಕೆಳಗೆ ತೂತು ಇರುತ್ತದೆ.

ಇದು ನನಗೆ ಹೇಗೆ ಗೊತ್ತು ಅಂದರೆ, ನಮ್ಮ ಮನೆಯಲ್ಲೂ ಬೂದ ಅಂತ ಒಬ್ಬ ಇದ್ದ. ಅವನದ್ದೂ ಅಣ್ಣತಮ್ಮರ ಜೋಡಿ. ಜಗಳ ಬಿಡಿಸಿದ ಮೇಲೆ ನಾನು ಅವನ ಹರಿದ ಕಿವಿತುದಿಯನ್ನೇ ನೋಡುತ್ತ ಕೂತಿದ್ದೆ, ಯಾಕಂದ್ರೆ ರಕ್ತ ಕಾಣುತ್ತಿದ್ದದ್ದು ಅಲ್ಲಿ ಮಾತ್ರ. ಸಂಜೆ ಹೊಟ್ಟೆ ಕೆಳಗೆ ಕೈ ಹಾಕಿದಾಗ ಅಂಗಿಯ ಗುಂಡಿಯಷ್ಟು ಜಾಗದಲ್ಲಿ ತುಪ್ಪಳ ಒಣಗಿ ಹೆಕ್ಕಳೆ ಕಟ್ಟಿತ್ತು. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಬಿಡಿಸಿದರೆ ಕೆಳಗೆ ಗುಂಡುಸೂಜಿಯ ತಲೆಯಷ್ಟು ತೂತು. ಇಷ್ಟೇನಾ ಅಂದುಕೊಂಡು ಒರೆಸಿ ಬಿಟ್ಟೆ. ನಾಲ್ಕನೇ ದಿನ ಡಾಕ್ಟರು ಆ ಜಾಗದ ತುಪ್ಪಳ ಬೋಳಿಸಿದಾಗ ಅಂಥ ತೂತು ಐದು ಇದ್ದವು. ಸುತ್ತಲೂ ಅಂಗೈ ಅಗಲ ಚರ್ಮ ಕಪ್ಪಾಗಿತ್ತು. ಅವತ್ತು ರಾತ್ರಿಯೇ ಹೋದ.

ಅಷ್ಟು ಸಣ್ಣ ಗಾಯಕ್ಕೆ ಸಾಯುತ್ತಾ ಅಂದರೆ, ಹೌದು ಅಕ್ಕ, ಸಾಯುತ್ತದೆ. ಮೊಲದ ಚರ್ಮ ತೆಳು, ಮೈಗೆ ಸಡಿಲವಾಗಿ ಕೂತಿರುತ್ತದೆ. ಇನ್ನೊಂದು ಮೊಲ ಹಲ್ಲು ಊರಿ ಹಿಡಿದು, ಹಿಂಗಾಲಿನಿಂದ ಒದೆಯುತ್ತ ಎಳೆದಾಡಿದಾಗ ಮೇಲೆ ಕಾಣುವುದು ಒಂದು ಚುಕ್ಕಿ. ಒಳಗೆ ಚರ್ಮ ಮಾಂಸದಿಂದ ಕಿತ್ತುಕೊಂಡಿರುತ್ತದೆ. ಬಾಯಿಯ ಕೊಳೆ ಆ ಪೊಳ್ಳಿನೊಳಗೆ ಸೇರುತ್ತದೆ, ತೂತು ಮುಚ್ಚಿಕೊಳ್ಳುತ್ತದೆ, ನಂಜು ಒಳಗೇ ಬೆಳೆಯುತ್ತದೆ. ಬೀಜದ ಚೀಲ, ತೊಡೆಸಂದಿ, ಕೆಳಹೊಟ್ಟೆಯಲ್ಲಿ ಕಚ್ಚಿದ್ದರೆ ಇನ್ನೂ ಕಷ್ಟ. ಗಂಡು ಗಂಡು ಕಾದಾಡುವಾಗ ಹೆಚ್ಚಾಗಿ ಗುರಿ ಇಡುವುದೇ ಅಲ್ಲಿಗೆ.

ಎರಡನೆಯದು ನೋವು. ನೋವಿದ್ದರೂ ಮೊಲ ತೋರಿಸುವುದಿಲ್ಲ. ಬೇಟೆಗೆ ಬೀಳುವ ಪ್ರಾಣಿ ಅದು, ಬಲಹೀನ ಅಂತ ಕಂಡರೆ ಉಳಿಗಾಲವಿಲ್ಲ. ಮೂಲೆಯಲ್ಲಿ ಮುದುರಿ ಸುಮ್ನೆ ಕೂರುತ್ತದೆ, ನಾವು ದಣಿದು ಮಲಗಿದೆ ಅಂದುಕೊಳ್ಳುತ್ತೇವೆ. ಆ ಹೊತ್ತಿಗೆ ಅದರ ಕರುಳು ನಿಧಾನವಾಗುತ್ತಿರುತ್ತದೆ. ಮೊಲದ ಹೊಟ್ಟೆ ಸದಾ ನಡೆಯುತ್ತಲೇ ಇರಬೇಕು. ನೋವಿಗೆ, ಹೆದರಿಕೆಗೆ ಅದು ನಿಂತುಬಿಡುತ್ತದೆ. ನಿಂತರೆ ತಿನ್ನುವುದಿಲ್ಲ, ತಿನ್ನದಿದ್ದರೆ ಇನ್ನಷ್ಟು ನಿಲ್ಲುತ್ತದೆ. 12 ಗಂಟೆ ಏನೂ ತಿನ್ನದ ಮೊಲವನ್ನು ನಾಳೆ ನೋಡೋಣ ಅಂತ ಬಿಡುವ ಹಾಗಿಲ್ಲ. ಪುಟ್ಟನಿಗೆ ನಂಜು ಏರಿತೋ, ಹೊಟ್ಟೆ ನಿಂತಿತೋ, ಎರಡೂ ಸೇರಿತೋ, ತೆರೆದು ನೋಡದೆ ಯಾರೂ ಹೇಳಲಾರರು. ನೀವು ಬರೆದ ದಿನಗಳ ಲೆಕ್ಕ ನೋಡಿದರೆ ಎರಡೂ ಸೇರಿರಬೇಕು ಅಂತ ನನಗೆ ಅನಿಸುತ್ತದೆ.

ಜಗಳ ಆಗಿ ಇವತ್ತಿಗೆ ಆರು ದಿನ. ಗುಂಡನಿಗೆ ಕಚ್ಚಿದ ಗಾಯ ಇದ್ದರೆ ಬಾವು ಎದ್ದು ಕಾಣುವ ಸಮಯ ಇದೇ. ಚರ್ಮದ ಕೆಳಗೆ ಗೋಲಿಯಂಥ ಗಂಟು ಸಿಕ್ಕರೆ ಹಿಂಡಬೇಡಿ. ಮೊಲದ ಕೀವು ನಮ್ಮ ಕೀವಿನ ಹಾಗೆ ನೀರಾಗಿ ಹರಿಯುವುದಿಲ್ಲ, ಟೂತ್‌ಪೇಸ್ಟ್‌ನಷ್ಟು ಗಟ್ಟಿ. ಸುತ್ತ ಒಂದು ಚೀಲವೇ ಕಟ್ಟಿಕೊಂಡಿರುತ್ತದೆ. ಹಿಂಡಿದರೆ ಚೀಲ ಒಳಗಡೆ ಒಡೆಯಬಹುದು. ಡಾಕ್ಟರು ಅದನ್ನು ತೆರೆದು ಚೀಲ ಸಮೇತ ತೆಗೆಯಬೇಕಾಗುತ್ತದೆ. ಬರೀ ಮಾತ್ರೆಗೆ ಅದು ಕರಗುವುದು ಅಪರೂಪ. ಈಗ ಗಂಟು ಸಿಗದಿದ್ದರೂ ಇನ್ನು ಮೂರು ವಾರ ದಿನಕ್ಕೊಂದು ಸಲ ಸವರಿ ನೋಡಿ.

ತೆರೆದ ಗಾಯ ಇದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಸುಮಾರು ಒಂದೂವರೆ ಟೀ ಚಮಚದಷ್ಟು, ಹಾಕಿ ಆ ನೀರಿನಿಂದ ತೊಳೆಯಿರಿ. ಮೆತ್ತಗೆ ಒತ್ತಿ ಒಣಗಿಸಿ. ನೊಣ ಕೂರಲು ಬಿಡಬೇಡಿ. ನೊಣ ಮೊಟ್ಟೆಯಿಟ್ಟರೆ ಒಂದು ದಿನದೊಳಗೆ ಹುಳ ಬೀಳುತ್ತದೆ, ಅದು ಮೊಲವನ್ನು ಬೇಗ ಮುಗಿಸುತ್ತದೆ. ಗೂಡಿನಲ್ಲಿ ಮರದ ಹೊಟ್ಟು ಇದ್ದರೆ ತೆಗೆದು ಬಿಳಿ ಬಟ್ಟೆ ಹಾಸಿ. ಗಾಯಕ್ಕೆ ಹೊಟ್ಟು ಅಂಟುವುದಿಲ್ಲ, ರಕ್ತವೋ ಕೀವೋ ಸೋರಿದರೆ ತಕ್ಷಣ ಕಾಣುತ್ತದೆ.

ಈಗ ಹೇಳುವುದನ್ನು ದಯವಿಟ್ಟು ಎಲ್ಲರೂ ಗಮನವಿಟ್ಟು ಓದಿ. ಈ ಪ್ರಶ್ನೆಯ ಕೆಳಗೆ ಒಬ್ಬರು "ಅಮಾಕ್ಸಿಸಿಲಿನ್ ಸಿರಪ್ ಕೊಡಿ, ಮಕ್ಕಳಿಗೆ ಕೊಡೋದೇ" ಅಂತ ಬರೆದಿದ್ದಾರೆ. ಕೊಡಬೇಡಿ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೋಮೈಸಿನ್ ಈ ಆಂಟಿಬಯಾಟಿಕ್‌ಗಳನ್ನು ಮೊಲದ ಬಾಯಿಗೆ ಹಾಕಿದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಕ್ಲಾಸ್ಟ್ರಿಡಿಯಂ ಜಾತಿಯ ಕೆಟ್ಟ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತವೆ. ಭೇದಿ ಶುರುವಾಗಿ ಮೊಲ ಸಾಯಬಹುದು. ಚಿಗಟ, ಉಣ್ಣೆ ಸಾಯಲು ನಾಯಿಗೆ ಹಾಕುವ ಫಿಪ್ರೊನಿಲ್ ಸ್ಪ್ರೇ ಕೂಡ ಮೊಲಕ್ಕೆ ವಿಷ. ಇನ್ನು ನೀವು ಹಚ್ಚಿದ ಮುಲಾಮಿನ ಟ್ಯೂಬ್ ಮೇಲೆ ಏನು ಬರೆದಿದೆ ನೋಡಿ ಅಕ್ಕ. ಸ್ಟೀರಾಯ್ಡ್ ಇರುವ ಮುಲಾಮು ಗುಂಡನಿಗೆ ಹಚ್ಚಬೇಡಿ. ಮೊಲ ಅದನ್ನು ನೆಕ್ಕುತ್ತದೆ, ನಂಜಿನ ವಿರುದ್ಧ ಹೋರಾಡುವ ಶಕ್ತಿಯೇ ಕುಂದುತ್ತದೆ. ಮೊಲಕ್ಕೆ ಆಗುವ ಆಂಟಿಬಯಾಟಿಕ್ ಬೇರೆ ಇವೆ, ನೋವಿಗೆ ಮೆಲಾಕ್ಸಿಕಾಂ ಇದೆ. ಅವನ್ನು ತೂಕ ನೋಡಿ ಡಾಕ್ಟರೇ ಕೊಡಬೇಕು. ನೋವಿನ ಔಷಧಿ ಬೇಕೇ ಬೇಕು ಅಂತ ನೀವೇ ಬಾಯಿಬಿಟ್ಟು ಕೇಳಿ.

ತಪ್ಪಿನ ಮಾತಿಗೆ ಬರುತ್ತೇನೆ. ಮರಿ ಕೊಟ್ಟವರು "ಅಣ್ಣತಮ್ಮ, ಜಗಳ ಆಡಲ್ಲ" ಅಂದರು, ನೀವು ನಂಬಿದಿರಿ. ನಾನೂ ನಂಬಿದ್ದೆ. ಮರಿಗಳಾಗಿದ್ದಾಗ ಅದು ನಿಜವೇ. ಹತ್ತು ಹನ್ನೆರಡು ವಾರಕ್ಕೆ ಬೀಜ ಕೆಳಗಿಳಿಯುತ್ತದೆ, ನಾಲ್ಕೈದು ತಿಂಗಳಿಗೆ ಹೆಚ್ಚಿನ ಗಂಡುಗಳು ಪ್ರಾಯಕ್ಕೆ ಬರುತ್ತವೆ. ಆಮೇಲೆ ಒಂದೇ ಸೂಲು ಅನ್ನುವುದು ಅವುಗಳ ಲೆಕ್ಕದಲ್ಲಿಲ್ಲ. ಜಾಗ ನನ್ನದು ಅನ್ನುವುದಷ್ಟೇ ಇರುತ್ತದೆ. ಒಂದು ತಿಂಗಳಿಂದ ಗೋಡೆಗೆ ಉಚ್ಚೆ ಹಾರಿಸುತ್ತಿದ್ದವು, ಒಂದನ್ನೊಂದು ಹತ್ತುತ್ತಿದ್ದವು, ಆಟ ಅಂದುಕೊಂಡೆ ಅಂತ ಬರೆದಿದ್ದೀರಿ. ಹತ್ತುವುದು, ಗುರ್ ಅನ್ನುತ್ತ ಸುತ್ತು ಹಾಕುವುದು, ಅಟ್ಟಿಸಿಕೊಂಡು ಹೋಗುವುದು, ಮೂಲೆಯಲ್ಲಿ ಒಂದು ಹಿಡಿ ತುಪ್ಪಳ ಬಿದ್ದಿರುವುದು, ಇವೆಲ್ಲ ಮುನ್ಸೂಚನೆ. ಈಗ ಗೊತ್ತಾಯಿತು. ಆಗ ನಿಮಗೆ ಹೇಳುವವರು ಯಾರೂ ಇರಲಿಲ್ಲ. ಗಾಯ ನೋಡಿ ಮುಲಾಮು ಹಚ್ಚಿದ್ದು, ರಾತ್ರಿ ಎದ್ದೆದ್ದು ಪುಟ್ಟನನ್ನು ನೋಡಿದ್ದು ಅಸಡ್ಡೆ ಇರುವವರು ಮಾಡುವ ಕೆಲಸವಲ್ಲ.

ಗುಂಡನ ಮೇಲೂ ಸಿಟ್ಟು ಬೇಡ. "ಅವನ ಮುಖ ನೋಡೋಕೆ ಆಗ್ತಿಲ್ಲ" ಅಂತ ಬರೆದಿದ್ದೀರಲ್ಲ, ಅದು ನನಗೆ ಅರ್ಥವಾಗುತ್ತದೆ. ಬೂದ ಹೋದ ಮೇಲೆ ಅವನ ತಮ್ಮನಿಗೆ ಎರಡು ದಿನ ನಾನು ಹುಲ್ಲು ಹಾಕಿ ಬಂದುಬಿಡುತ್ತಿದ್ದೆ, ಮುಟ್ಟುತ್ತಿರಲಿಲ್ಲ. ಆಮೇಲೆ ನೋಡಿದರೆ ಹಾಕಿದ ಹುಲ್ಲು ಹಾಗೇ ಇತ್ತು. ಬಯಲಿನಲ್ಲಾದರೆ ಸೋತ ಮೊಲ ಓಡಿಹೋಗುತ್ತದೆ, ಗೆದ್ದದ್ದು ಸ್ವಲ್ಪ ದೂರ ಅಟ್ಟಿ ವಾಪಸಾಗುತ್ತದೆ, ಅಲ್ಲಿಗೆ ಮುಗಿಯಿತು. ಗೂಡಿನಲ್ಲಿ ಓಡಲು ಜಾಗವಿಲ್ಲ. ಗೆದ್ದದ್ದಕ್ಕೆ ಎದುರಾಳಿ ಇನ್ನೂ ಇಲ್ಲೇ ನಿಂತಿದ್ದಾನೆ ಅಂತಲೇ ಕಾಣುತ್ತದೆ. ಅವನನ್ನು ಖಂಡಿತ ಇಟ್ಟುಕೊಳ್ಳಿ. ಮನುಷ್ಯರ ಮೇಲೆ, ಮಕ್ಕಳ ಮೇಲೆ ಬೀಳುವ ಮೊಲ ಅದರಿಂದ ಆಗುವುದಿಲ್ಲ. ಜೊತೆ ಕಳೆದುಕೊಂಡ ಮೊಲ ಊಟ ಬಿಡುವುದುಂಟು. ಹಾಗಾಗಿ ದಿನಾ ಬೆಳಗ್ಗೆ ಹಿಕ್ಕೆ ನೋಡಿ. ದುಂಡಗೆ, ಒಂದೇ ಗಾತ್ರದಲ್ಲಿ, ರಾಶಿ ಇರಬೇಕು. ಸಣ್ಣದಾದರೆ, ಕಡಿಮೆಯಾದರೆ, ಇಲ್ಲವೇ ಕೂದಲಿನ ಎಳೆಗೆ ಪೋಣಿಸಿದ ಹಾಗೆ ಬಂದರೆ ಹೊಟ್ಟೆ ನಿಧಾನವಾಗುತ್ತಿದೆ ಅಂತ ಅರ್ಥ. ಕಿವಿ ತಣ್ಣಗಾಗಿ, ಮೈ ಶಾಖ 38 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಬಟ್ಟೆ ಸುತ್ತಿ ಬೆಚ್ಚಗೆ ಮಾಡಿಕೊಂಡು ಆಗಲೇ ಡಾಕ್ಟರ ಹತ್ತಿರ ಹೊರಡಿ.

ಗಾಯ ಮಾಯ್ದು ಚೆನ್ನಾಗಿ ತಿನ್ನತೊಡಗಿದ ಮೇಲೆ ಗುಂಡನಿಗೆ ನ್ಯೂಟರ್, ಅಂದರೆ ಬೀಜ ತೆಗೆಯುವ ಆಪರೇಷನ್, ಮಾಡಿಸಿ. ಮೊಲಗಳಿಗೆ ಈ ಆಪರೇಷನ್ ಮಾಡಿ ರೂಢಿ ಇರುವ ಡಾಕ್ಟರನ್ನೇ ಹುಡುಕಿ, ಸಂಕೋಚಪಡದೆ ಎಷ್ಟು ಮೊಲಕ್ಕೆ ಮಾಡಿದ್ದೀರಿ ಅಂತ ಕೇಳಿ. ಮೊಲದ ತೊಡೆಸಂದಿಯ ದಾರಿ ಜೀವನಪೂರ್ತಿ ತೆರೆದೇ ಇರುತ್ತದೆ, ಬೀಜವನ್ನು ಹೊಟ್ಟೆಯೊಳಗೆ ಎಳೆದುಕೊಳ್ಳಬಲ್ಲದು. ಆಪರೇಷನ್ ಮಾಡುವಾಗ ಆ ದಾರಿ ಹೊಲಿದು ಮುಚ್ಚದಿದ್ದರೆ ಕರುಳು ಕೆಳಗೆ ಜಾರುವ ಅಪಾಯವಿದೆ. ಇನ್ನೊಂದು ವಿಷಯ. ನಾಯಿ ಬೆಕ್ಕಿನ ಹಾಗೆ ಹಿಂದಿನ ರಾತ್ರಿಯಿಂದ ಉಪವಾಸ ಹಾಕಿ ಅಂತ ಯಾರಾದರೂ ಹೇಳಿದರೆ ಡಾಕ್ಟರ ಹತ್ತಿರ ಮತ್ತೆ ಕೇಳಿ. ಮೊಲಕ್ಕೆ ವಾಂತಿ ಆಗುವುದಿಲ್ಲ, ಹಸಿದರೆ ಹೊಟ್ಟೆ ನಿಲ್ಲುತ್ತದೆ. ಆಪರೇಷನ್ ಆದ ದಿನವೇ ಏನಾದರೂ ತಿನ್ನಬೇಕು.

ಮಾಡಿಸಿದ ಮರುದಿನವೇ ಸಾಧು ಆಗುತ್ತಾನೆ ಅಂದುಕೊಳ್ಳಬೇಡಿ. ಮೈಯಲ್ಲಿರುವ ಹಾರ್ಮೋನ್ ಇಳಿಯಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಹೆಣ್ಣಿನ ಜೊತೆ ಬಿಟ್ಟರೆ ಮರಿಯೂ ಆಗಬಹುದು.

ಆದ್ದರಿಂದ ಈಗಲೇ ಇನ್ನೊಂದು ಮೊಲ ತರಬೇಡಿ. ಗುಂಡ ಒಂಟಿಯಾಗಿದ್ದಾನೆ ಅಂತ ಸಂಕಟವಾಗುತ್ತದೆ, ನಿಜ. ದಿನಾ ಒಂದೆರಡು ಗಂಟೆ ನೀವೇ ನೆಲದ ಮೇಲೆ ಅವನ ಹತ್ತಿರ ಕೂತಿರಿ, ಸದ್ಯಕ್ಕೆ ಅದು ಸಾಕು. ಎರಡು ತಿಂಗಳು ಕಳೆದ ಮೇಲೆ ಜೊತೆ ಬೇಕು ಅನಿಸಿದರೆ ನ್ಯೂಟರ್ ಆದ ಗಂಡು, ಆಪರೇಷನ್ ಆದ ಹೆಣ್ಣು, ಇದೇ ಎಲ್ಲಕ್ಕಿಂತ ಸಲೀಸಾಗಿ ಹೊಂದುವ ಜೋಡಿ. ತರುವ ಮೊದಲು ಗಂಡೋ ಹೆಣ್ಣೋ ಅಂತ ಡಾಕ್ಟರಿಂದ ನೋಡಿಸಿ. ಮರಿಯಲ್ಲಿ ಹೆಣ್ಣು ಅಂತ ಕೊಟ್ಟದ್ದು ಗಂಡಾಗುವುದು ತುಂಬ ಸಾಮಾನ್ಯ.

ತಂದ ದಿನವೇ ಗುಂಡನ ಗೂಡಿಗೆ ಬಿಡಬೇಡಿ. ಎರಡು ಗೂಡು ಅಕ್ಕಪಕ್ಕ ಇಡಿ. ನಡುವೆ ಒಂದು ಗೇಣು ಜಾಗ ಇರಲಿ. ಜಾಲರಿಗೆ ಜಾಲರಿ ತಾಗಿದ್ದರೆ ಸಂದಿಯಿಂದಲೇ ಮೂಗು, ಕಾಲ್ಬೆರಳು ಕಚ್ಚಿ ಹರಿಯುತ್ತವೆ. ಎರಡು ಮೂರು ವಾರ ಹಾಸಿದ ಬಟ್ಟೆ ಅದಲು ಬದಲು ಮಾಡಿ, ವಾಸನೆ ರೂಢಿಯಾಗಲಿ. ಆಮೇಲೆ ಇಬ್ಬರೂ ಕಾಲಿಡದ ಒಂದು ಜಾಗದಲ್ಲಿ ಹತ್ತು ನಿಮಿಷ ಬಿಡಿ. ಕೈಯಲ್ಲಿ ದಪ್ಪ ಟವೆಲ್, ಒಂದು ಹಲಗೆ ಇರಲಿ. ಕಿವಿ ಹಿಂದಕ್ಕೆ ಮಲಗಿಸಿ ಬಾಲ ನಿಗುರಿಸಿದರೆ ಕಾಯಬೇಡಿ, ನಡುವೆ ಹಲಗೆ ಇಳಿಸಿ. ಹಿಡಿದುಕೊಂಡೇಬಿಟ್ಟರೆ ಮೇಲೆ ಟವೆಲ್ ಎಸೆಯಿರಿ. ಬರಿಗೈ ಹಾಕಬೇಡಿ. ನನ್ನ ಹೆಬ್ಬೆರಳಿನ ಬುಡದಲ್ಲಿ ಎರಡು ಹಲ್ಲಿನ ಗುರುತು ಇನ್ನೂ ಇದೆ.

ಮರಿ ಮಾಡಿಸಲು ಮೊಲ ಸಾಕುವವರೂ ಇಲ್ಲಿ ಇದ್ದೀರಿ. ನ್ಯೂಟರ್ ನಿಮಗೆ ಹೊಂದುವ ಮಾತಲ್ಲ. ಮೂರು ತಿಂಗಳು ತುಂಬುವಾಗಲೇ ಒಂದೊಂದು ಗಂಡಿಗೂ ಒಂದೊಂದು ಗೂಡು ಮಾಡಿ. ಹೆಣ್ಣನ್ನು ಗಂಡಿನ ಗೂಡಿಗೆ ಒಯ್ಯಿರಿ, ಗಂಡನ್ನು ಹೆಣ್ಣಿನ ಗೂಡಿಗೆ ಒಯ್ಯಬೇಡಿ, ಅಲ್ಲೂ ಹೊಡೆದಾಟ ಆಗುತ್ತದೆ.

ಅಕ್ಕ, ಗುಂಡನ ಮೈ ಸವರಿ ನೋಡಿದ ಮೇಲೆ ಏನು ಸಿಕ್ಕಿತು ಅಂತ ಇಲ್ಲೇ ಬರೆಯಿರಿ. ನಿನ್ನೆಯಿಂದ ಎಷ್ಟು ಹುಲ್ಲು ತಿಂದಿದ್ದಾನೆ, ಹಿಕ್ಕೆ ಹೇಗಿದೆ ಅನ್ನುವುದನ್ನೂ ಸೇರಿಸಿ. ಇವತ್ತು ರಾತ್ರಿ ನಾನು ಎದ್ದಿರುತ್ತೇನೆ.