ಓದುಗರ ಪ್ರಶ್ನೆ: ಅವಳಿಯಂತೆ ಕಾಣುವ ಪುಟ್ಟ ಪತಂಗಗಳು

ಪ್ರಶ್ನೆ: ಹಿಟ್ಟಿನ ದಾಸ್ತಾನಿನಲ್ಲಿ ಸಿಕ್ಕ ಬೂದು ಪತಂಗಗಳು ಎಫೆಸ್ಟಿಯಾ ಕ್ಯೂನಿಯೆಲ್ಲಾವೋ ಕಾಡ್ರಾ ಕಾಟೆಲ್ಲಾವೋ ಗೊತ್ತಾಗುತ್ತಿಲ್ಲ. ರೆಕ್ಕೆಯ ಫೋಟೊ ಸಾಲದೇ?

ಉತ್ತರ: ಈಗಷ್ಟೇ ಕೋಶದಿಂದ ಹೊರಬಂದ ಪತಂಗವಾದರೆ ರೆಕ್ಕೆಯ ಗೆರೆಗಳು ಸ್ವಲ್ಪ ದಾರಿ ತೋರುತ್ತವೆ. ರೆಕ್ಕೆಯ ಮೇಲಿನ ಹುಡಿ ಉದುರಿದ ಮೇಲೆ ಎರಡೂ ಬರಿಯ ಬೂದು. ಆಗ ನಂಬಬೇಕಾದದ್ದು ಉದರದ ತುದಿಯಲ್ಲಿರುವ ಜನನಾಂಗವನ್ನು. ಅಲ್ಲಿನ ಗಟ್ಟಿ ಭಾಗಗಳ ಆಕಾರ ಪತಂಗ ಎಷ್ಟು ಸವೆದರೂ ಹಾಗೇ ಉಳಿಯುತ್ತದೆ.

ಮೊದಲು ರೆಕ್ಕೆಯ ಫೋಟೊ ತೆಗೆದು, ಪತಂಗಕ್ಕೂ ಉದರ ಹಾಕುವ ಸೀಸೆಗೂ ಒಂದೇ ಸಂಖ್ಯೆ ಬರೆಯಿರಿ. ಎರಡು ಉದರ ಅದಲುಬದಲಾದರೆ ಮುಂದಿನ ಕೆಲಸವೆಲ್ಲ ವ್ಯರ್ಥ. ಒಣಗಿದ ಪತಂಗದ ಉದರವನ್ನು ಚಿಮಟದಿಂದ ಮೆಲ್ಲಗೆ ಮೇಲಕ್ಕೆ ಒತ್ತಿದರೆ ಕಳಚಿಕೊಳ್ಳುತ್ತದೆ. ಹಿಂದಕ್ಕೆ ಎಳೆದರೆ ಹಿಂಗಾಲೂ ಕಿತ್ತುಬರಬಹುದು.

10 ಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡನ್ನು ನೀರಿನಲ್ಲಿ ಕರಗಿಸಿ 100 ಮಿ.ಲೀ. ಮಾಡಿ. ನೀರಿಗೆ ಹರಳು ಹಾಕಬೇಕು, ಹರಳಿಗೆ ನೀರು ಸುರಿಯಬಾರದು. ದ್ರಾವಣ ಬಿಸಿಯೇರುತ್ತದೆ, ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಕೈಗವಸು, ಕನ್ನಡಕ ಬೇಕೇ ಬೇಕು. ಒಳಗಿನ ಮೃದು ಅಂಶ ಸಡಿಲವಾಗಲು ಇದರಲ್ಲಿ ಉದರ ಒಂದು ರಾತ್ರಿ ನೆನೆಯಲಿ. ಅವಸರವಿದ್ದರೆ ಸೀಸೆಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಐದೈದು ನಿಮಿಷಕ್ಕೆ ನೋಡುತ್ತಿರಿ. ನೇರ ಉರಿಗೆ ಹಿಡಿದರೆ ದ್ರಾವಣ ಚಿಮ್ಮಿ ಉದರವೂ ಹಾರಿಹೋಗುತ್ತದೆ. ಕುಂಚದಿಂದ ಒತ್ತಿದಾಗ ಒಳಗಿನ ಮೃದು ಅಂಶ ಸಲೀಸಾಗಿ ಹೊರಬಂದರೆ ಸಾಕು. ಇನ್ನೂ ಬಿಟ್ಟರೆ ತೆಳು ಪೊರೆಗಳು ಕಣ್ಣಿಗೇ ಕಾಣದಷ್ಟು ಪಾರದರ್ಶಕವಾಗುತ್ತವೆ.

ನೀರಿನಲ್ಲಿ ತೊಳೆದು, 30% ಆಲ್ಕೋಹಾಲಿನಲ್ಲಿ ಸಣ್ಣ ಕುಂಚದಿಂದ ಹುಡಿ ತೆಗೆಯಿರಿ. ಗಂಡಿನಲ್ಲಿ ಎರಡು ಬಾಗಿಲಿನಂತಿರುವ ವಾಲ್ವಾಗಳನ್ನು ಬಿಡಿಸಿ, ನಡುವಿನ ಶಿಶ್ನನಾಳವನ್ನು ತಲೆಯ ದಿಕ್ಕಿಗೆ ಎಳೆದು ಬೇರೆ ಇಡಿ. ಅದನ್ನು ಅಲ್ಲೇ ಬಿಟ್ಟರೆ ಕೆಳಗಿನ ಜಕ್ಸ್ಟಾ, ಅಂದರೆ ನಾಳಕ್ಕೆ ಆಸರೆಯಾದ ಗಟ್ಟಿ ಫಲಕ, ಮರೆಯಾಗುತ್ತದೆ. ನಾಳದೊಳಗಿನ ಮುಳ್ಳುಗಳೂ ಸ್ಪಷ್ಟವಾಗಿ ಎಣಿಕೆಗೆ ಸಿಗುವುದಿಲ್ಲ.

ಹೆಣ್ಣಿನಲ್ಲಿ ಇನ್ನೂ ಎಚ್ಚರ ಬೇಕು. ಸಂಗಮರಂಧ್ರ 7 ಮತ್ತು 8ನೇ ಖಂಡಗಳ ನಡುವೆ ಇರುವುದರಿಂದ 7ನೆಯದನ್ನು ತುದಿಯ ಜೊತೆಗೇ ಉಳಿಸಿಕೊಳ್ಳಿ. ಉದರವನ್ನು ಅಡ್ಡಲಾಗಿ ಕತ್ತರಿಸಬೇಡಿ: ಗುರುತಿಗೆ ಬೇಕಾದ ಸಿಗ್ನಮ್ (ಒಳಗೋಡೆಯ ಗಟ್ಟಿ ಗುರುತು) ಇರುವ ಸಂಗಮಚೀಲ ಮುಂದಿನ ಖಂಡಗಳವರೆಗೂ ಚಾಚಿಕೊಂಡಿರಬಹುದು. ಪಕ್ಕದ ಪೊರೆಯನ್ನು ಉದ್ದಕ್ಕೆ ಸೀಳಿ, ಚೀಲವನ್ನು ಇಡಿಯಾಗಿ ಬಿಡಿಸಿಕೊಳ್ಳಿ. ಕ್ಲೋರಾಜೋಲ್ ಬ್ಲ್ಯಾಕ್ ಬಣ್ಣದಲ್ಲಿ ಕೆಲವೇ ಕ್ಷಣ ಅದ್ದಿದರೆ ಗಾಜಿನಂತಿದ್ದ ಆ ಚೀಲದ ಅಂಚು, ಮಡಿಕೆ ಎಲ್ಲ ನೀಲಿಗಪ್ಪಾಗಿ ಎದ್ದು ಕಾಣುತ್ತದೆ.

ಪ್ರಶ್ನೆ: ಕತ್ತರಿಸುವ ಮೊದಲೇ ಗಂಡೋ ಹೆಣ್ಣೋ ತಿಳಿಯಬಹುದೇ?

ಉತ್ತರ: ಹಿಂರೆಕ್ಕೆಯ ಬುಡದಲ್ಲಿರುವ ಕೊಕ್ಕೆಗೂದಲು ಗಂಡಿಗೆ ಒಂದು, ಹೆಣ್ಣಿಗೆ ಸಾಮಾನ್ಯವಾಗಿ ಎರಡು ಅಥವಾ ಹೆಚ್ಚು. ಆದರೆ ಮೇಲೆ ಹೇಳಿದ ಎರಡೂ ಪತಂಗಗಳು ಫೈಸಿಟಿನೇ ಗುಂಪಿನವು. ಆ ಗುಂಪಿನಲ್ಲಿ ಹೆಣ್ಣಿಗೂ ಒಂದೇ ಇರುವುದರಿಂದ ಈ ಲೆಕ್ಕ ನಡೆಯುವುದಿಲ್ಲ, ಉದರದ ತುದಿಯನ್ನೇ ನೋಡಬೇಕು.

ಪ್ರಶ್ನೆ: ಸ್ಲೈಡ್ ಮಾಡಿದ ಮೇಲೆ ಆಕಾರ ಗುರುತಿನ ಪುಸ್ತಕದ ಚಿತ್ರಕ್ಕೆ ಹೊಂದುತ್ತಿಲ್ಲ. ಮೇಲೆ ಬಿಳಿ ಮಂಜು ಬೇರೆ.

ಉತ್ತರ: ಕವರ್ ಸ್ಲಿಪ್ ಒತ್ತಿದಾಗ ಭಾಗಗಳು ಚಪ್ಪಟೆಯಾಗಿ ಅಗಲವಾಗುತ್ತವೆ. ಅದಕ್ಕೇ ಮೊದಲು ಗ್ಲಿಸರಿನ್ ಹನಿಯಲ್ಲಿಟ್ಟು ಎಲ್ಲ ಕಡೆಯಿಂದ ಚಿತ್ರ ತೆಗೆದಿಡಿ. ಮಂಜಿಗೆ ಕಾರಣ ಒಳಗುಳಿದ ನೀರು. ಗ್ಲಿಸರಿನ್ನನ್ನು ಚೆನ್ನಾಗಿ ತೊಳೆದು, 70%, 95%, ಕೊನೆಗೆ ಶುದ್ಧ ಆಲ್ಕೋಹಾಲ್, ಹೀಗೆ ಹಂತಹಂತವಾಗಿ ದಾಟಿಸಿ ಆಮೇಲೆ ಸ್ಲೈಡನ್ನು ಕಾಯಂ ಆಗಿ ಅಂಟಿಸುವ ಯೂಪರಾಲ್ ಹಾಕಿ.